ತಲೆಯೆತ್ತಿ ನೋಡಬೇಕಾದ ನಗರ

ಮೈಸೂರನ್ನು ನೋಡಿ ಬಂದವನಿಗೆ ಮಂಗಳೂರು ಮೊದಲ ನೋಟಕ್ಕೆ ತುಸು ನಿರಾಶೆಯನ್ನುಂಟುಮಾಡಿದರೆ ಆಶ್ಚರ್ಯವಿಲ್ಲ. ಇಲ್ಲಿ ಅರಮನೆಯಿಲ್ಲ, ಅಂಬಾರಿ ಸಾಗುವ ರಾಜಬೀದಿಯಿಲ್ಲ, ಬೇಲೂರು ಹಳೇಬೀಡುಗಳಲ್ಲಿ ಕಾಣುವ ಕುಸುರಿಗೆಲಸದ ಕಲ್ಲಿಲ್ಲ. ಹಂಪನಕಟ್ಟೆಯಲ್ಲಿ ಬಸ್ಸಿನಿಂದಿಳಿದ ಪ್ರವಾಸಿಯು ‘ಇಲ್ಲಿ ನೋಡತಕ್ಕುದೇನು?’ ಎಂದು ಕೇಳಿದರೆ, ಊರಿನವರು ಒಂದು ಗಳಿಗೆ ಯೋಚಿಸಿ, ಕಡಲತೀರಕ್ಕೋ ದೇವಾಲಯಕ್ಕೋ ದಾರಿ ತೋರಿಸಿ ಸುಮ್ಮನಾಗುತ್ತಾರೆ. ಅದು ಅವರ ಸಂಕೋಚವೇ ಹೊರತು ಊರಿನ ಬಡತನವಲ್ಲ. ಮಂಗಳೂರಿನ ಕಲೆ ಕಣ್ಣಿಗೆ ನೇರವಾಗಿ ನಿಂತಿರುವುದಿಲ್ಲ. ಅದನ್ನು ಕಾಣಬೇಕಾದರೆ ಗರ್ಭಗುಡಿಯ ಮಬ್ಬುಗತ್ತಲೆಯೊಳಗೆ ಇಣುಕಬೇಕು. ಹಳೆಯ ಪುಸ್ತಕದ ಮುಖಪುಟದ ಕೆಳಸಾಲನ್ನು ಓದಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಲೆಯೆತ್ತಿ ಮಾಡನ್ನು ನೋಡಬೇಕು.

ನೇತ್ರಾವತಿಯೂ ಗುರುಪುರ ಹೊಳೆಯೂ ಒಂದೇ ಅಳಿವೆಯಲ್ಲಿ ಕಡಲನ್ನು ಕೂಡುವ ಸ್ಥಳವಿದು. ಒಂದು ಊರಿಗೆ ಎಷ್ಟು ಹೆಸರುಗಳಿರಬಹುದು? ತುಳುವರಿಗೆ ಇದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಲಾಪುರಂ, ಕನ್ನಡಿಗರಿಗೆ ಮಂಗಳೂರು. ಬೋಳಾರದ ಮಂಗಳಾದೇವಿಯಿಂದ ಈ ಕಡೆಯ ಹೆಸರು ಬಂದಿತೆಂಬುದು ಜನಜನಿತವಾದ ಐತಿಹ್ಯ. ಪೇಟೆಯಲ್ಲಿ ಒಂದು ಅಂಗಡಿಯ ಮುಂದೆ ಅರ್ಧ ತಾಸು ನಿಂತರೆ ಈ ಐದು ಹೆಸರುಗಳೂ ಕಿವಿಗೆ ಬೀಳುವುದುಂಟು. ಯಾರೂ ಮತ್ತೊಬ್ಬರನ್ನು ತಿದ್ದಲು ಹೋಗುವುದಿಲ್ಲ.

ಊರಿನ ಕಲಾಸಂಪತ್ತನ್ನು ಕಾಣಲು ಹೊರಟವನು ಮೊದಲು ಕದ್ರಿಯ ಗುಡ್ಡದ ಬುಡಕ್ಕೆ ಬರಬೇಕು. ಇಲ್ಲಿನ ಮಂಜುನಾಥ ದೇವಾಲಯದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹವೊಂದಿದೆ. ಮೂರು ಮುಖ, ಆರು ಕೈ. ಪದ್ಮಾಸನದಲ್ಲಿ ಕುಳಿತ ಭಂಗಿ. ಎತ್ತರ ಸುಮಾರು ಐದು ಅಡಿ. ದಕ್ಷಿಣ ಭಾರತದ ಕಂಚಿನ ವಿಗ್ರಹಗಳೆಂದೊಡನೆ ನಮ್ಮ ಮನಸ್ಸು ತಂಜಾವೂರಿನ ಕಡೆಗೆ ಓಡುತ್ತದೆ. ಓಡುವ ಮುನ್ನ ಕದ್ರಿಯಲ್ಲಿ ಒಂದು ಕ್ಷಣ ನಿಲ್ಲುವುದು ಒಳ್ಳೆಯದು. ವಿಗ್ರಹದ ಪೀಠದ ಮೇಲೆ ಸಂಸ್ಕೃತ ಶಾಸನವೊಂದಿದ್ದು, ಆಳುಪ ವಂಶದ ಕುಂದವರ್ಮನು ಕಲಿವರ್ಷ 4068ರಲ್ಲಿ, ಎಂದರೆ ಕ್ರಿ. ಶ. 968ರಲ್ಲಿ, ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದನೆಂದು ಅದು ಹೇಳುತ್ತದೆ. ಪ್ರಾಚೀನ ವಿಗ್ರಹವು ತನ್ನ ವಯಸ್ಸನ್ನು ಇಷ್ಟು ಸ್ಪಷ್ಟವಾಗಿ ತಾನೇ ನುಡಿಯುವುದು ಅಪರೂಪ.

‘ವಿಹಾರ’ವೆಂಬ ಮಾತು ಬೌದ್ಧರದು, ಲೋಕೇಶ್ವರನೆಂಬ ಹೆಸರು ಬೋಧಿಸತ್ತ್ವ ಅವಲೋಕಿತೇಶ್ವರನದು. ಆದರೆ ಅದೇ ಶಾಸನ ಕುಂದವರ್ಮನನ್ನು ಶಿವನ ಪಾದಕಮಲಗಳಿಗೆರಗಿದ ದುಂಬಿಯೆಂದು ಬಣ್ಣಿಸುತ್ತದೆ! ಶಿವಭಕ್ತನಾದ ಅರಸನು ಬೋಧಿಸತ್ತ್ವನನ್ನು ನಿಲ್ಲಿಸಿದನು. ಮುಂದೆ ನಾಥಪಂಥದ ಜೋಗಿಗಳು ಇಲ್ಲಿ ಮಠ ಕಟ್ಟಿದರು. ಇಂದು ಮಂಜುನಾಥನ ಸನ್ನಿಧಿಯಲ್ಲಿ ವೈದಿಕ ರೀತಿಯ ಪೂಜೆ ನಡೆಯುತ್ತಿದೆ. ಹನ್ನೆರಡು ವರ್ಷಗಳಿಗೊಮ್ಮೆ ನಾಸಿಕದ ಸಮೀಪದ ತ್ರ್ಯಂಬಕೇಶ್ವರದಲ್ಲಿ ಆಯ್ಕೆಯಾದ ಜೋಗಿಯರಸನು ತಿಂಗಳುಗಟ್ಟಲೆ ಕಾಲ್ನಡೆಯಲ್ಲಿ ಬಂದು ಕದ್ರಿಯ ಮಠದ ಗಾದಿಯನ್ನೇರುವ ಪದ್ಧತಿ ಈಗಲೂ ಉಂಟು. ಯಾವ ಮತ ಯಾವುದನ್ನು ನುಂಗಿತು ಎಂದು ಪಂಡಿತರು ವಾದಿಸುತ್ತಿರಲಿ. ನನಗೆ ಹೆಚ್ಚು ಬೆರಗನ್ನುಂಟುಮಾಡುವುದು ಮತ್ತೊಂದು ಸಂಗತಿ: ಭಕ್ತರ ನಂಬಿಕೆ ಬದಲಾಯಿತು, ಪೂಜೆಯ ಮಂತ್ರ ಬದಲಾಯಿತು, ಆದರೂ ಸಾವಿರ ವರ್ಷಗಳಲ್ಲಿ ಒಬ್ಬರೂ ಆ ಕಂಚನ್ನು ಕರಗಿಸಲಿಲ್ಲ.

ಕಂಚಿನ ಮಾತು ಬಂದುದರಿಂದ ಇಲ್ಲಿಯೇ ಒಂದು ಸ್ವಾರಸ್ಯವಾದ ಕಥೆಯನ್ನು ಹೇಳಿಬಿಡುತ್ತೇನೆ. ಕುಂದವರ್ಮನ ತರುವಾಯ ಒಂದೂವರೆ ಶತಮಾನ ಕಳೆದ ಮೇಲೆ, ಉತ್ತರ ಆಫ್ರಿಕದ ಟ್ಯುನೀಸಿಯದ ಕಡೆಯ ಯೆಹೂದಿ ವರ್ತಕನೊಬ್ಬನು ಮಂಗಳೂರಿಗೆ ಬಂದು ನೆಲಸಿದನು. ಅವನ ಹೆಸರು ಅಬ್ರಹಾಂ ಬೆನ್ ಯಿಜು. ಕಾಳುಮೆಣಸಿನ ವ್ಯಾಪಾರದ ಜೊತೆಗೆ ಅವನಿಗೆ ಇಲ್ಲಿ ಲೋಹದ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆಯೂ ಇದ್ದಿತು. ಏಡನ್ ಪಟ್ಟಣದ ಗೆಳೆಯರು ಮುರುಕು ತಾಮ್ರವನ್ನೂ ಹಳೆಯ ಪಾತ್ರೆಗಳನ್ನೂ ಹಡಗಿನಲ್ಲಿ ಕಳುಹಿಸಿ, ಇಂಥ ದೀಪ ಬೇಕು, ಇಂಥ ತಟ್ಟೆ ಬೇಕು ಎಂದು ಬರೆಯುತ್ತಿದ್ದರು. ನಮ್ಮೂರಿನ ಕಮ್ಮಟಗಾರರು ಅವನ್ನು ಕರಗಿಸಿ ಎರಕ ಹೊಯ್ದು ಹಿಂದಕ್ಕೆ ಕಳುಹಿಸುತ್ತಿದ್ದರು. ಕದ್ರಿಯ ಲೋಕೇಶ್ವರನನ್ನು ಎರೆದವರ ಮರಿಮಕ್ಕಳೇ ಏಡನ್ನಿನ ಶ್ರೀಮಂತರ ಮನೆಯ ದೀಪಗಳನ್ನು ಮಾಡಿರಬಾರದೇಕೆ? ಊಹೆಗೆ ಯಾರ ಅಪ್ಪಣೆ ಬೇಕು!

ಬೆನ್ ಯಿಜು 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಅವನ ಮಕ್ಕಳ ತಾಯಿ ಅವಳೇ ಇರಬೇಕೆಂದು ಸಂಶೋಧಕರು ತಿಳಿಯುತ್ತಾರೆ. ಅವನ ಪರವಾಗಿ ಕಡಲಾಚೆ ವ್ಯಾಪಾರಕ್ಕೆ ಹೋಗಿಬರುತ್ತಿದ್ದ ಊರ ಆಳೊಬ್ಬನಿದ್ದನು. ಈ ಕಾಗದಪತ್ರಗಳೆಲ್ಲ ಕೈರೊ ನಗರದ ಹಳೆಯ ಯೆಹೂದಿ ಪ್ರಾರ್ಥನಾಮಂದಿರದ ಉಗ್ರಾಣದಲ್ಲಿ ಶತಮಾನಗಳ ಕಾಲ ಬಿದ್ದಿದ್ದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಳಕಿಗೆ ಬಂದವು. ಅರಬ್ಬೀ ಭಾಷೆಯನ್ನು ಹೀಬ್ರೂ ಲಿಪಿಯಲ್ಲಿ ಬರೆದ ಆ ಪತ್ರಗಳಲ್ಲಿ ಆಳಿನ ಹೆಸರು ಸ್ವರವಿಲ್ಲದ ಮೂರು ಅಕ್ಷರಗಳಾಗಿ ನಿಂತಿತ್ತು. ಕಾದಂಬರಿಕಾರ ಅಮಿತಾವ್ ಘೋಷ್ ಅವನ ಜಾಡನ್ನು ಹಿಡಿದು ಮಂಗಳೂರಿಗೆ ಬಂದಾಗ, ತುಳು ವಿದ್ವಾಂಸರಾದ ಬಿ. ಎ. ವಿವೇಕ ರೈಯವರ ನೆರವಿನಿಂದ ಆ ಅಕ್ಷರಗಳು ‘ಬೊಮ್ಮ’ ಎಂದಾದವು. 1992ರಲ್ಲಿ ಪ್ರಕಟವಾದ ಘೋಷರ ಗ್ರಂಥದ ಕೇಂದ್ರದಲ್ಲಿರುವವನು ಅರಸನಲ್ಲ, ಸೇನಾನಿಯಲ್ಲ, ಈ ಬೊಮ್ಮನೇ. ಮಂಗಳೂರಿನ ಚರಿತ್ರೆಗೆ ಇದಕ್ಕಿಂತ ಒಪ್ಪುವ ನಾಯಕನು ದೊರೆಯಲಾರನು.

ಹದಿನಾಲ್ಕನೆಯ ಶತಮಾನದಲ್ಲಿ ಮೊರಾಕ್ಕೊ ದೇಶದ ಇಬ್ನ್ ಬತೂತ ಈ ರೇವನ್ನು ಕಂಡು, ಪರ್ಷಿಯ ಮತ್ತು ಯೆಮೆನ್ ನಾಡುಗಳ ವರ್ತಕರು ಇಳಿಯುವುದು ಇಲ್ಲಿಯೇ ಎಂದು ಬರೆದನು. ನಾಲ್ಕು ಸಾವಿರ ಮುಸಲ್ಮಾನರು ಊರಿನ ಒಂದು ಮಗ್ಗುಲಲ್ಲಿ ವಾಸವಾಗಿದ್ದಾರೆಂದೂ ಸೇರಿಸಿದನು. ಆ ವ್ಯಾಪಾರದ ನೆನಪನ್ನು ಇಂದಿಗೂ ಉಳಿಸಿಕೊಂಡಿರುವ ಕಟ್ಟಡವೆಂದರೆ ಹಳೆಯ ಬಂದರಿನ ಜೀನತ್ ಬಕ್ಷ್ ಮಸೀದಿ. ಮಾಲಿಕ್ ದೀನಾರರ ಕಾಲದಿಂದ ಬಂದುದೆಂದು ಪರಂಪರೆ ಹೇಳುವ ಈ ಮಸೀದಿಯ ಒಳಭಾಗದಲ್ಲಿ ಕೆತ್ತನೆಯ ಮರದ ಕಂಬಗಳಿವೆ. ಹೂ, ಬಳ್ಳಿ, ಗಂಟೆಯ ಆ ಕೆತ್ತನೆ ಕರಾವಳಿಯ ಬಡಗಿಯ ಕೈಯದು. ದೇವಸ್ಥಾನದ ಕಂಬಕ್ಕೆ ಉಳಿ ಹಿಡಿದ ಕೈಯೂ ಅದೇ.

ಯುದ್ಧಗಳ ಕಥೆಯನ್ನು ಬೇಗನೆ ಮುಗಿಸೋಣ. ಪೋರ್ಚುಗೀಸರು ಬಂದರು, 1568ರಲ್ಲಿ ರೊಸಾರಿಯೊ ಇಗರ್ಜಿಯನ್ನು ಸ್ಥಾಪಿಸಿದರು, ಹೊಳೆಯಾಚೆಯ ಉಳ್ಳಾಲದ ರಾಣಿ ಅಬ್ಬಕ್ಕ ಅವರಿಗೆ ನೆಮ್ಮದಿಯ ನಿದ್ರೆ ಕೊಡಲಿಲ್ಲ. ಕೆಳದಿಯ ನಾಯಕರಿಂದ 1763ರಲ್ಲಿ ಊರು ಹೈದರನ ಕೈಸೇರಿತು. 1784ರಲ್ಲಿ ಟಿಪ್ಪುವೂ ಆಂಗ್ಲರೂ ಇಲ್ಲಿಯೇ ಸಂಧಾನಪತ್ರಕ್ಕೆ ಸಹಿ ಹಾಕಿದರು. ಅದೇ ವರ್ಷ ಕರಾವಳಿಯ ಸಹಸ್ರಾರು ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ಒಯ್ಯಲಾಯಿತು. ಅವರ ಇಗರ್ಜಿಗಳು ನೆಲಸಮವಾದವು. ಹದಿನೈದು ವರ್ಷಗಳ ತರುವಾಯ ಮರಳಿದವರು ಬರಿಗೈಯವರು. ಊರಿನ ಹಳೆಯ ಇಗರ್ಜಿಗಳೆಲ್ಲ ಬಹುಮಟ್ಟಿಗೆ ಮತ್ತೆ ಕಟ್ಟಿದವಾಗಿರುವುದಕ್ಕೆ ಇದು ಕಾರಣ. ಬೋಳೂರಿನಲ್ಲಿ ಗುರುಪುರ ಹೊಳೆಯ ದಡದ ಮೇಲೆ ಕರಿಕಲ್ಲಿನ ಸುಲ್ತಾನ್ ಬತ್ತೇರಿ ಮಾತ್ರ ಆ ದಿನಗಳ ಸಾಕ್ಷಿಯಾಗಿ ಒಂಟಿಯಾಗಿ ನಿಂತಿದೆ.

ಇನ್ನು ಬಾವುಟಗುಡ್ಡವನ್ನು ಹತ್ತೋಣ. 1837ರ ಏಪ್ರಿಲ್ 5ರಂದು ಸುಳ್ಯದ ಕಡೆಯಿಂದ ಬಂದ ರೈತರ ದಂಡು ಇಲ್ಲಿ ಕುಂಪಣಿಯ ಬಾವುಟವನ್ನಿಳಿಸಿ ತಮ್ಮದನ್ನೇರಿಸಿತು. ಹದಿಮೂರು ದಿನಗಳ ಮಟ್ಟಿಗೆ ಮಂಗಳೂರು ಕುಂಪಣಿಗೆ ಸೇರಿರಲಿಲ್ಲ. ದಂಗೆಯನ್ನು ಹತ್ತಿಕ್ಕಿದ ಮೇಲೆ ಮುಂದಾಳುಗಳನ್ನು ಗಲ್ಲಿಗೇರಿಸಿದರು. ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಜನ ಅದನ್ನು ಇಂದಿಗೂ ನೆನೆಯುತ್ತಾರೆ. ಇದೇ ಗುಡ್ಡದ ಮೇಲೆ, ಇಟಲಿಯಿಂದ ಬಂದ ಜೆಸುಯಿಟ್ ಪಾದ್ರಿಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಕೆಲವೇ ವರ್ಷಗಳಲ್ಲಿ ಅದರ ಪ್ರಾರ್ಥನಾಮಂದಿರವೂ ಎದ್ದಿತು. ಹೊರಗಿನಿಂದ ನೋಡಿದರೆ ಸರಳವಾದ ಕಟ್ಟಡ. ಎಷ್ಟೋ ವಿದ್ಯಾರ್ಥಿಗಳು ಅದರ ಮುಂದೆ ಸೈಕಲ್ ತಳ್ಳಿಕೊಂಡು ಹೋಗಿ ಪದವೀಧರರಾದರು.

ಒಳಗೆ ಕಾಲಿಟ್ಟೊಡನೆ ಮಾತು ನಿಲ್ಲುತ್ತದೆ. ಗೋಡೆ, ಕಮಾನು, ಮೇಲ್ಚಾವಣಿ, ಎಲ್ಲಿಯೂ ಅಂಗೈಯಗಲ ಬರಿದಾದ ಜಾಗವಿಲ್ಲ, ಎಲ್ಲವೂ ಚಿತ್ರ. ಇವನ್ನೆಲ್ಲ ಬರೆದಾತ ಬ್ರದರ್ ಆಂತೋನಿಯೊ ಮೊಸ್ಕೆನಿ. 1854ರಲ್ಲಿ ಇಟಲಿಯ ಬೆರ್ಗಾಮೊ ನಗರದ ಬಳಿಯ ಸ್ತೆಜ್ಜಾನೊ ಎಂಬ ಹಳ್ಳಿಯಲ್ಲಿ ಹುಟ್ಟಿ, ಬೆರ್ಗಾಮೊದ ಹೆಸರಾಂತ ಕಲಾಶಾಲೆಯಲ್ಲಿ ಕಲಿತು, ಚಿತ್ರಕಾರನೆಂದು ಹೆಸರು ಪಡೆಯುತ್ತಿದ್ದಾಗಲೇ ಎಲ್ಲವನ್ನೂ ಬಿಟ್ಟು 1889ರಲ್ಲಿ ಜೆಸುಯಿಟ್ ಸಂಘವನ್ನು ಸೇರಿದನು. 1899ರಲ್ಲಿ ಮಂಗಳೂರಿಗೆ ಬಂದು, ಎರಡೂವರೆ ವರ್ಷಗಳೊಳಗಾಗಿ ಇಷ್ಟೊಂದು ಚಿತ್ರಗಳನ್ನು ಬರೆದು ಮುಗಿಸಿದನೆಂದರೆ ನಂಬುವುದು ಕಷ್ಟ.

ಇಲ್ಲಿ ಕ್ಯಾನ್ವಾಸಿನ ಮೇಲೆ ಬರೆದ ತೈಲಚಿತ್ರಗಳೂ ಇವೆ. ಹಸಿಗಾರೆಯ ಮೇಲೆ ಬರೆದ ಭಿತ್ತಿಚಿತ್ರಗಳೂ ಇವೆ. ಹಸಿಗಾರೆಯ ಕೆಲಸ ಬಲು ಕಠಿಣವಾದುದು. ಒಂದು ದಿನಕ್ಕೆ ಸಾಕಾಗುವಷ್ಟೇ ಸುಣ್ಣದ ಗಾರೆಯನ್ನು ಬಳಿದು, ಅದು ಆರುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕು. ಸುಣ್ಣವು ಗಾಳಿಯೊಡನೆ ಸೇರಿ ಗಟ್ಟಿಯಾಗುವಾಗ ಬಣ್ಣವನ್ನು ತನ್ನೊಳಗೆ ಬಂಧಿಸಿಕೊಳ್ಳುತ್ತದೆ. ಆಮೇಲೆ ಒರೆಸಿ ತಿದ್ದುವ ಮಾತೇ ಇಲ್ಲ. ತಲೆಯನ್ನು ಹಿಂದಕ್ಕೆ ಚೆಲ್ಲಿ, ಅಟ್ಟಣೆಯ ಮೇಲೆ ನಿಂತು, ನಮ್ಮ ಆಷಾಢದ ತೇವದಲ್ಲಿ ಈ ಕೆಲಸ! ಚಾವಣಿಯ ಅಂಚಿನಲ್ಲಿ ತೂಗುವ ಹೂಮಾಲೆಗಳನ್ನು ಕಂಡವರು ಗಾರೆಯಲ್ಲಿ ಎತ್ತಿದ ಉಬ್ಬುಶಿಲ್ಪಗಳೆಂದೇ ತಿಳಿಯುತ್ತಾರೆ. ಅವು ಬರಿಯ ಬಣ್ಣ. ನೆರಳು ಬೆಳಕುಗಳ ಮೋಡಿ.

ಮೇಲ್ಚಾವಣಿಯಲ್ಲಿ ಚಿತ್ರಿತವಾಗಿರುವುದು ಸಂತ ಅಲೋಶಿಯಸನ ಜೀವನ. ಪ್ರಭುಕುಲದಲ್ಲಿ ಹುಟ್ಟಿದವನು, ಬರಬೇಕಾಗಿದ್ದ ಒಡೆತನವನ್ನು ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಿಯಾದನು, ರೋಮಿನಲ್ಲಿ ರೋಗಪೀಡಿತರ ಸೇವೆ ಮಾಡುತ್ತ ತಾನೂ ರೋಗಕ್ಕೆ ತುತ್ತಾಗಿ 1591ರಲ್ಲಿ ಇಪ್ಪತ್ತಮೂರನೆಯ ವಯಸ್ಸಿಗೇ ತೀರಿಕೊಂಡನು. ಮಂಗಳೂರಿನಲ್ಲಿ ಅರಮನೆಯಿಲ್ಲವೆಂದು ಆರಂಭದಲ್ಲಿ ಹೇಳಿದೆನಷ್ಟೆ? ಒಂದಿದೆ, ಅದು ಈ ಚಾವಣಿಯಲ್ಲಿದೆ. ಅಲ್ಲಿಯೂ ಅದು ತೊರೆದುಹೋಗುವವನ ಬೆನ್ನ ಹಿಂದಿನ ಅರಮನೆ.

ಮೊಸ್ಕೆನಿ ಮರಳಿ ತಾಯ್ನಾಡಿಗೆ ಹೋಗಲಿಲ್ಲ. ಈ ಕರಾವಳಿಯ ಇತರ ಇಗರ್ಜಿಗಳಲ್ಲೂ ಕುಂಚ ಹಿಡಿದು, ಕೊನೆಗೆ ಕೊಚ್ಚಿಯ ಸಾಂತಾ ಕ್ರೂಸ್ ಇಗರ್ಜಿಯನ್ನು ಅಲಂಕರಿಸುತ್ತಿದ್ದಾಗ ಆಮಶಂಕೆಯಿಂದ 1905ರ ನವೆಂಬರಿನಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ ನಿಧನನಾದನು. ಆ ಇಗರ್ಜಿಯ ಪ್ರತಿಷ್ಠೆಗೆ ಇನ್ನು ಕೆಲವೇ ದಿನಗಳಿದ್ದವು. ಮಂಗಳೂರಿನ ಚಿತ್ರಗಳು ಮಳೆಗಾಲದ ತೇವಕ್ಕೆ ಸಿಲುಕಿ ಮಾಸತೊಡಗಿದಾಗ, 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯ ಲಖನೌ ಕೇಂದ್ರದ ತಜ್ಞರು ಅವನ್ನು ಶುದ್ಧಗೊಳಿಸಿ ಉಳಿಸಿಕೊಟ್ಟರು. ಹೀಗೆ ಒಂದು ಚಾವಣಿ ಉಳಿಯಿತು.

ಬಣ್ಣವು ನೂರು ವರ್ಷ ಬಾಳಬೇಕೆಂಬ ನಿಯಮವೇನೂ ಇಲ್ಲ. ನವರಾತ್ರಿಯಲ್ಲಿ ಮಂಗಳಾದೇವಿಯ ರಥಬೀದಿಗೂ ಮಾರ್ನಮಿಕಟ್ಟೆಗೂ ಬನ್ನಿ. ಮೈಗೆಲ್ಲ ಹಳದಿ ಬಳಿದು, ಅದರ ಮೇಲೆ ಕಪ್ಪು ಪಟ್ಟೆಗಳನ್ನೋ ಚುಕ್ಕಿಗಳನ್ನೋ ಬರೆಯಿಸಿಕೊಂಡ ಹುಲಿಗಳು ತಾಸೆಯ ಬಡಿತಕ್ಕೆ ಕುಣಿಯುತ್ತವೆ. ಬಣ್ಣ ಹಚ್ಚುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತೂ ವೇಷಧಾರಿ ಕೈಗಳನ್ನು ಚಾಚಿ ಕಂಬದಂತೆ ನಿಂತಿರಬೇಕು. ಬಳಿದ ಬಣ್ಣ ಆರುವಾಗ ಚರ್ಮ ಬಿಗಿದು ಉರಿಯುತ್ತದೆ. ಪಟ್ಟೆಯನ್ನು ಅಳತೆ ತಪ್ಪದೆ ಎಳೆಯುವ ಕಲಾವಿದನಿಗೆ ಯಾವ ಕಲಾಶಾಲೆಯ ಪದವಿಯೂ ಇಲ್ಲ. ಅವನ ಕೃತಿ ಹಲ್ಲಿನಲ್ಲಿ ಅಕ್ಕಿಮುಡಿಯನ್ನು ಕಚ್ಚಿ ಹಿಂದಕ್ಕೆಸೆಯುತ್ತದೆ, ಬೆವರುತ್ತದೆ, ಕೆಲವು ದಿನಗಳಲ್ಲಿ ತೊಳೆದುಹೋಗುತ್ತದೆ. ಮುಂದಿನ ವರ್ಷ ಮತ್ತೆ ಹೊಸದು. ಹೆಚ್ಚಿನ ಹುಲಿಗಳು ಹರಕೆಯ ಹುಲಿಗಳೇ; ಹುಲಿ ದೇವಿಯ ವಾಹನವಷ್ಟೆ. ನಾರಾಯಣಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ದಸರಾ ಮೆರವಣಿಗೆಯಲ್ಲಿ ಈ ಹುಲಿಗಳ ದಂಡೇ ಸಾಗುತ್ತದೆ. ಅಂದು ದೇವಾಲಯಗಳ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರೇ ಕಟ್ಟಿಸಿದ ದೇವಾಲಯವದು.

ಕಥೆ ಕಾದಂಬರಿಗಳನ್ನು ಪ್ರೀತಿಸುವ ಓದುಗರಿಗೆ ಮಂಗಳೂರಿನ ಋಣ ಮತ್ತೊಂದುಂಟು. ಸ್ವಿಟ್ಸರ್‌ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು 1834ರಲ್ಲಿ ಇಲ್ಲಿಗೆ ಬಂದು, 1841ರಲ್ಲಿ ಮುದ್ರಣಾಲಯವನ್ನು ಆರಂಭಿಸಿದರು. ಮೊದಲಿಗೆ ಅಚ್ಚುಮೊಳೆಗಳಿರಲಿಲ್ಲ, ಕಲ್ಲಿನ ಮೇಲೆ ಬರೆದು ಅಚ್ಚೊತ್ತಬೇಕಾಗಿತ್ತು. ಹಾಗೆ ಕಲ್ಲಚ್ಚಿನಲ್ಲಿ ಮೂಡಿ, 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲ ಪತ್ರಿಕೆ; ಸಂಪಾದಕರು ಹೆರ್ಮನ್ ಮೋಗ್ಲಿಂಗ್. ಕನ್ನಡದಲ್ಲಿ ಅಚ್ಚಾಗುವ ವಾರಪತ್ರಿಕೆಗಳೆಲ್ಲದರ ಮುತ್ತಜ್ಜಿ ಅದೇ. 1894ರಲ್ಲಿ ಕಿಟ್ಟೆಲರ ಮಹಾಕೋಶ, ಸಾವಿರದ ಏಳುನೂರಕ್ಕೂ ಮಿಕ್ಕಿದ ಪುಟಗಳಲ್ಲಿ, ಇದೇ ಮುದ್ರಣಾಲಯದಿಂದ ಹೊರಬಂದಿತು. ಅದಾದ ಐದು ವರ್ಷಕ್ಕೆ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಇಲ್ಲಿಯೇ ಅಚ್ಚಾಯಿತು. ಅದು ಕನ್ನಡದ ಮೊದಲ ಸಾಮಾಜಿಕ ಕಾದಂಬರಿ. ವಿಧವೆಯೊಬ್ಬಳು ಓದು ಕಲಿತು ಮರುಮದುವೆಯಾಗುವ ಕಥೆ. ಬರೆದವರು ಪೋಲೀಸು ಅಧಿಕಾರಿ!

ಈ ಮುದ್ರಣಾಲಯಕ್ಕೂ ನಾನು ಕಡೆಯಲ್ಲಿ ಹೇಳಬೇಕೆಂದಿರುವ ಮಾಡಿಗೂ ಸಂಬಂಧ ಬೆಸೆದವನು ಜಾರ್ಜ್ ಪ್ಲೆಬ್ಸ್ಟ್. ಮುದ್ರಣದ ಕೆಲಸವನ್ನು ನೋಡಿಕೊಳ್ಳಲೆಂದು ಬಂದ ಈ ಯಂತ್ರಕುಶಲಿಯ ಕಣ್ಣು ಹೊಳೆದಂಡೆಯ ಜೇಡಿಮಣ್ಣಿನ ಮೇಲೆ ಬಿದ್ದಿತು. ಆಗ ಊರಿನ ಮನೆಗಳಿಗೆ ಮುಳಿಹುಲ್ಲಿನ ಅಥವಾ ತೆಂಗಿನ ಮಡಲಿನ ಮಾಡು. ಮಳೆಗೆ ಕೊಳೆಯುತ್ತಿತ್ತು, ಬೇಸಗೆಯಲ್ಲಿ ಒಂದು ಕಿಡಿ ಬಿದ್ದರೆ ಕೇರಿಗೆ ಕೇರಿಯೇ ಉರಿಯುತ್ತಿತ್ತು. ಮತಾಂತರಗೊಂಡು ಜಾತಿಯಿಂದಲೂ ಕಸುಬಿನಿಂದಲೂ ಹೊರದೂಡಲ್ಪಟ್ಟವರಿಗೆ ಕೂಲಿ ಒದಗಿಸಬೇಕಾದ ಹೊಣೆಯೂ ಮಿಶನ್ನಿನ ಮೇಲಿತ್ತು. ಹೀಗೆ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹುಟ್ಟಿತು. ಮೂರೇ ವರ್ಷಗಳಲ್ಲಿ ಊರಿನ ಕ್ರೈಸ್ತ ಮನೆತನವೊಂದು ತನ್ನದೇ ಕಾರ್ಖಾನೆಯನ್ನು ಹೂಡಿತು. ಆಮೇಲೆ ನೇತ್ರಾವತಿಯ ದಂಡೆಯುದ್ದಕ್ಕೂ ಹೊಗೆಗೂಡುಗಳು ಎದ್ದವು.

ದೋಣಿಗಳಲ್ಲಿ ಬಂದ ಮಣ್ಣನ್ನು ಹದಗೊಳಿಸಿ, ಯಂತ್ರದಲ್ಲಿ ಅರೆದು, ಅಚ್ಚಿನಲ್ಲಿ ಒತ್ತಿ, ಅಟ್ಟಗಳ ಮೇಲೆ ನೆರಳಿನಲ್ಲಿ ಆರಿಸಿ, ಭಟ್ಟಿಯಲ್ಲಿ ಸೌದೆಯ ಬೆಂಕಿಗೆ ಸುಡುತ್ತಿದ್ದರು. ಹಸಿ ಹಂಚಿನ ಅಂಚುಗಳನ್ನು ಸವರಿ, ಹೊತ್ತು ಸಾಗಿಸುತ್ತಿದ್ದವರಲ್ಲಿ ಬಹುಪಾಲು ಹೆಂಗಸರು. ಹಂಚಿನ ರಚನೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕುಳಿತುಕೊಳ್ಳುತ್ತದೆ, ಅಡಿಯ ಗುಬುಟು ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಮೊಳೆಯಿಲ್ಲ, ಗಾರೆಯಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಅದರ ಮೇಲಿಂದ ಜಾರಿಹೋಗುತ್ತದೆ. ಸೆಖೆಗಾಲದಲ್ಲಿ ಒಳಗಿನ ಬಿಸಿಗಾಳಿ ಸಂದಿಯಿಂದ ಹೊರಬೀಳುತ್ತದೆ. ಒಂದು ಒಡೆದರೆ ಆ ಒಂದನ್ನೇ ಬದಲಾಯಿಸಬಹುದು. ಇಂಥದನ್ನು ಕಲೆಯೆಂದು ಕರೆಯಲು ಹಿಂಜರಿಯುವವರಿರಬಹುದು, ನಾನು ಹಿಂಜರಿಯುವವನಲ್ಲ. ಮಂಗಳೂರು ಹಂಚು ಮುಂಬಯಿಗೂ ಕೊಲಂಬೊಗೂ ಪೂರ್ವ ಆಫ್ರಿಕದ ರೇವುಗಳಿಗೂ ಹೋಯಿತು. ಬೊಮ್ಮನು ಹಿಡಿದ ಹಾದಿಯಲ್ಲೇ ಹೋಯಿತೆನ್ನಿ.

ಆ ಹೊಗೆಗೂಡುಗಳಲ್ಲಿ ಹೆಚ್ಚಿನವು ಇಂದು ತಣ್ಣಗಾಗಿವೆ. ಕಾಂಕ್ರೀಟು ಬಂದಿತು, ಮಣ್ಣೂ ಸೌದೆಯೂ ದುಬಾರಿಯಾದವು, ಊರಿನ ನೆಲಕ್ಕೆ ಚಿನ್ನದ ಬೆಲೆ ಬಂದು, ಕಾರ್ಖಾನೆಯ ಅಂಗಳಗಳಲ್ಲಿ ಬಹುಮಹಡಿಗಳು ಎದ್ದವು. ಕಾಲ ಬದಲಾಗಬಾರದೆಂದು ಹಟ ಹಿಡಿಯುವುದು ಜಾಣತನವಲ್ಲ. ಹಂಚಿನ ಮಾಡಿನ ಕೆಳಗೆ ಮಡಕೆಯಿಟ್ಟು ಸೋರುವ ನೀರನ್ನು ಹಿಡಿದವರಿಗೆ ಕಾಂಕ್ರೀಟಿನ ಸುಖವೂ ಗೊತ್ತು. ಆದರೂ ಒಂದು ಮಾತು ಮನಸ್ಸನ್ನು ಕೊರೆಯುತ್ತದೆ. ಕದ್ರಿಯ ಕಂಚನ್ನು ಭಕ್ತಿ ಕಾಯ್ದಿತು. ಮೊಸ್ಕೆನಿಯ ಚಾವಣಿಯನ್ನು ತಜ್ಞರು ಕಾಯ್ದರು. ಮುದ್ರಣಾಲಯದ ಹಳೆಯ ಹೊತ್ತಗೆಗಳು ಬಲ್ಮಠದ ಗ್ರಂಥಭಂಡಾರದಲ್ಲಿ ಭದ್ರವಾಗಿವೆ. ಲೋಕದಲ್ಲೆಲ್ಲ ಈ ಊರಿನ ಹೆಸರನ್ನು ಹೊತ್ತು ಮೆರೆದ ಹಂಚಿಗೆ ಮಾತ್ರ ಅದರ ಹುಟ್ಟೂರಿನಲ್ಲಿ ಕಾವಲುಗಾರರಿಲ್ಲ. ಹಳೆಯ ಮನೆಯನ್ನು ಕೆಡವುವಾಗ ಹಂಚುಗಳನ್ನು ರಾಶಿಹಾಕಿ ಲಾರಿಗೇರಿಸುತ್ತಾರೆ. ಪ್ರವಾಸಿಗರ ವಸತಿಗೃಹಗಳನ್ನು ಕಟ್ಟುವವರು ಅವನ್ನು ಆರಿಸಿ ಕೊಳ್ಳುತ್ತಾರೆ.

ಮಳೆಗಾಲಕ್ಕೆ ಮೊದಲು ಮಾಡಿಗೇರಿ ಹಂಚು ಕೈಯಾಡಿಸುವಾಗ, ತೆಗೆದ ಹಂಚನ್ನು ಕೆಳಗಿನಿಂದ ನಾವು ಮಕ್ಕಳು ಕೈಗೆ ಕೈ ದಾಟಿಸುತ್ತಿದ್ದೆವು. ಕಾರ್ಖಾನೆಯ ಹೆಸರೂ ಊರಿನ ಹೆಸರೂ ಉಬ್ಬಿದ ಅಕ್ಷರಗಳಲ್ಲಿ ಅದರ ಮೇಲಿರುತ್ತಿದ್ದವು. ಕೆಲವರು ಓದು ಕಲಿತದ್ದೇ ಅವುಗಳಿಂದ. ಆ ಅಕ್ಷರಗಳಿರುವುದು ಹಂಚಿನ ಅಡಿಬದಿಯಲ್ಲಿ. ಬೀದಿಯಲ್ಲಿ ಹೋಗುವವನಿಗೆ ಅವು ಕಾಣುವುದಿಲ್ಲ. ಮನೆಯೊಳಗೆ ಚಾಪೆ ಹಾಸಿ ಮಲಗಿ ಮೇಲೆ ನೋಡುವವನಿಗೆ ಮಾತ್ರ ಕಾಣುತ್ತವೆ.